ಅಕ್ಕನ ಗಾಡಿಯಲ್ಲಿ ನೀರು ನಿಂತದ್ದು

ಬೋರ್‌ವೆಲ್ ಮೋಟರುಗಳ ಜೊತೆ ಬಾಳು ಕಳೆದವನಿಗೆ ಸಣ್ಣ ಪಂಪು ಕಂಡರೆ ಸಸಾರ. ನನಗೆ ಆದದ್ದೂ ಅದೇ.

ಮದ್ದೂರಿನಲ್ಲಿ ನನ್ನದೊಂದು ಮೋಟರು ರಿಪೇರಿ ಅಂಗಡಿ ಇದೆ. ಶೀಟು ಹೊದಿಸಿದ ಒಂದೇ ಕೋಣೆ, ಬಾಗಿಲಲ್ಲಿ ಸುಟ್ಟ ಮೋಟರುಗಳ ಸಾಲು. ಕಬ್ಬಿಗೆ, ಭತ್ತಕ್ಕೆ ನೀರೆತ್ತುವ ಪಂಪುಗಳನ್ನು ಬಿಚ್ಚಿ, ತಾಮ್ರದ ತಂತಿ ಸುತ್ತಿ, ಮತ್ತೆ ಕೂರಿಸಿ ಕೊಡುವುದು ಕೆಲಸ. ನಾನು ಆರನೇ ಕ್ಲಾಸಿನಲ್ಲಿ ಸ್ಕೂಲು ಬಿಟ್ಟವನು. ಅದಕ್ಕೆ ಅಪ್ಪ ಹೊಡೆಯಲು ಬಂದಾಗ ಅಡ್ಡ ನಿಂತವಳು ಅಕ್ಕ. “ಅವನಿಗೆ ಓದು ಹತ್ತಲ್ಲ, ಕೈಕೆಲಸ ಹತ್ತತದೆ, ಬುಡು” ಅಂದು, ತಾನೇ ಕೈ ಹಿಡಿದು ಕರೆದುಕೊಂಡು ಹೋಗಿ ಒಂದು ವೈಂಡಿಂಗ್ ಅಂಗಡಿಗೆ ಸೇರಿಸಿದಳು. ಇವತ್ತು ನನ್ನ ಮನೆಯಲ್ಲಿ ಒಲೆ ಉರಿಯುತ್ತಿರುವುದು ಅವಳಿಂದ. ಅಂಥವಳಿಗೆ ನಾನು ಏನು ಮಾಡಿದೆ ಅನ್ನುವುದನ್ನು ಬರೆಯುವ ಮುಂಚೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಅಕ್ಕ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಳು. ಮಂಡ್ಯದಿಂದ ಮದ್ದೂರು, ಮದ್ದೂರಿನಿಂದ ಮಳವಳ್ಳಿ, ಮತ್ತೆ ವಾಪಸ್ಸು. ಕಬ್ಬಿನ ಲಾರಿಗಳ ಹಿಂದೆ ಬಸ್ಸು ತೆವಳುವಾಗ ಜನ ಗೊಣಗಿದರೆ, “ಇಳ್ದು ನಡಕೊಂಡು ಓಗಿ, ಬೇಗ ಸೇರ್ತೀರಿ” ಅಂತ ಬಾಯಿ ಮುಚ್ಚಿಸುತ್ತಿದ್ದಳು. ಆದರೆ ಬಸ್ ಸ್ಟ್ಯಾಂಡಿನ ಕಕ್ಕಸಿಗೆ ಹೋಗುವುದು ಅವಳಿಗೆ ಆಗುತ್ತಿರಲಿಲ್ಲ. ಅದಕ್ಕೇ ಡ್ಯೂಟಿ ಮುಗಿಯುವ ತನಕ ನೀರು ಮುಟ್ಟುತ್ತಿರಲಿಲ್ಲ. ಬೇಸಿಗೆಯಲ್ಲೂ ನಾಲಿಗೆ ಒಣಗಿಸಿಕೊಂಡೇ ಟಿಕೆಟ್ ಹರಿಯುತ್ತಿದ್ದಳು. ಆಗ ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ರಿಟೈರ್ ಆದಮೇಲೆ ಒಂದು ದಿನ ತಮಾಷೆಯ ಮಾತಿನಂತೆ ಹೇಳಿದಳು.

ರಿಟೈರ್ ಆಗಿ ಸ್ವಲ್ಪ ಕಾಲಕ್ಕೇ ಅವಳ ಕರುಳಿಗೆ ಆಪರೇಷನ್ ಆಯಿತು. ಜೀವ ಉಳಿಯಿತು. ಆದರೆ ಹೊಟ್ಟೆಯ ಪಕ್ಕಕ್ಕೆ ಒಂದು ಚೀಲ ಅಂಟಿಕೊಂಡಿತು. ಉಂಡದ್ದೆಲ್ಲ ಕೊನೆಗೆ ಅದಕ್ಕೇ ಬಂದು ಬೀಳುತ್ತದೆ. ತುಂಬಿದಾಗ ಖಾಲಿ ಮಾಡಬೇಕು, ತೊಳೆಯಬೇಕು, ಚರ್ಮ ಒರೆಸಿ ಬೇರೆಯದು ಅಂಟಿಸಬೇಕು. ಅದು ಯಾವಾಗ ತುಂಬುತ್ತದೆ ಅಂತ ಹೇಳಲಾಗುವುದಿಲ್ಲ. ತುಂಬಿದಾಗ ಧಾರಾಳ ನೀರು ಬೇಕು, ಬಾಗಿಲು ಹಾಕಿಕೊಳ್ಳಲು ಒಂದು ಜಾಗ ಬೇಕು.

ಅಲ್ಲಿಂದ ಅಕ್ಕ ಬೆಸಗರಹಳ್ಳಿಯ ಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದಳು. ಮದುವೆಗೆ ಕರೆದರೆ “ನೀವ್ ಓಗ್ಬನ್ನಿ.” ನಾಮಕರಣಕ್ಕೆ, ಬೀಗರೂಟಕ್ಕೆ, ತಿಥಿಗೆ, ಎಲ್ಲಕ್ಕೂ ಅದೇ ಮಾತು. ಹೋದ ಕಡೆ ನೀರು ಸಿಗುತ್ತದೋ ಇಲ್ಲವೋ, ಬಾಗಿಲಿಗೆ ಚಿಲಕ ಇರುತ್ತದೋ ಇಲ್ಲವೋ, ಪಂಕ್ತಿಯಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರೆ ಹೇಗೆ ಅನ್ನುವುದು ಅವಳ ಭಯ. ಸಾವಿರಾರು ಜನರ ಮಧ್ಯೆ ನುಗ್ಗಿ ಟಿಕೆಟ್ ಕೊಟ್ಟವಳು ಕಿಟಕಿ ಪಕ್ಕ ಕೂತು ದಾರಿಯಲ್ಲಿ ಹೋಗುವ ಬಸ್ಸು ನೋಡುತ್ತಿದ್ದಳು.

ಬಾವ ಮಾತಾಡುವ ಮನುಷ್ಯನಲ್ಲ. ಮದುವೆ ಬಾಡಿಗೆಗೆ ಓಡಿಸುತ್ತಿದ್ದ ಒಂದು ಟೆಂಪೋ ಅವರದಿತ್ತು. ಒಂದು ದಿನ ಯಾರಿಗೂ ಹೇಳದೆ ಅದನ್ನು ಮಂಡ್ಯದ ಒಂದು ಗ್ಯಾರೇಜಿಗೆ ಬಿಟ್ಟರು. ತಿರುಗಿ ಬಂದಾಗ ಅದರಲ್ಲಿ ಸೀಟುಗಳಿರಲಿಲ್ಲ. ಒಂದು ಮಂಚ, ಮಂಚದ ಕೆಳಗೆ ನೀರಿನ ಟ್ಯಾಂಕು, ಸಣ್ಣ ಸ್ಟೌವು, ಹಿಂದಿನ ಮೂಲೆಯಲ್ಲಿ ಬಾಗಿಲು ಚಿಲಕ ಎಲ್ಲ ಇರುವ ಒಂದು ಪುಟ್ಟ ಬಚ್ಚಲು, ಅದರೊಳಗೇ ಕಕ್ಕಸು, ಗೋಡೆಗೊಂದು ನಲ್ಲಿ. ಗಾಡಿ ಅನ್ನುವುದಕ್ಕಿಂತ ಚಕ್ರ ಇರುವ ಮನೆ. ಕೇರಿಯ ಜನಕ್ಕೆ ಹಬ್ಬ.

“ಏನಣ್ಣೋ, ಗಾಡೀಲೇ ಸಂಸಾರ ಹೂಡಿಬುಟ್ರಾ?”

“ಹೂ ಕಣ್ಲಾ. ನಿಮ್ಮುಸುಡಿ ನೋಡ್ದೆ ಬದುಕ್ಬೋದಲ್ಲ ಅಂತವ.”

ಬಾವ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಕ್ಕ ಗಾಡಿಯೊಳಗೆ ಹತ್ತಿ, ನಲ್ಲಿ ತಿರುಗಿಸಿ, ನೀರಿನ ಕೆಳಗೆ ಕೈ ಹಿಡಿದು ನಿಂತಳು.

“ನೀರು ಸಣ್ಣುಕ್ಕೆ ಬತ್ತದೆ ಕಣ್ಲಾ. ಇನ್ನೊಸಿ ಜೋರಾದ್ರೆ ಚೆಂದಾಗಿರೋದು” ಅಂದಳು ನನಗೆ.

ಆ ಮಾತಿಗೆ ನಾನು ಕುಣಿದೆ. ನೀರು, ಪಂಪು ನನ್ನ ಇಲಾಖೆ ತಾನೆ.

ಗಾಡಿಯ ಪಂಪು ಅಂಗೈ ಮೇಲೆ ಕೂರುವಂಥದ್ದು. ಬ್ಯಾಟರಿಯಲ್ಲಿ ಓಡುತ್ತದೆ. ನಲ್ಲಿ ತಿರುಗಿಸಿದರೆ ಗರ್ ಅಂತ ಶುರುವಾಗುತ್ತದೆ, ಮುಚ್ಚಿದರೆ ತಾನೇ ನಿಲ್ಲುತ್ತದೆ. ಟ್ಯಾಂಕಿನಿಂದ ಪಂಪಿಗೆ ನೀರು ಬರುವ ದಾರಿಯಲ್ಲಿ ಗಾಜಿನ ಲೋಟದಂಥ ಒಂದು ಬುರುಡೆ, ಅದರೊಳಗೆ ಟೀ ಸೋಸುವಷ್ಟು ಸಣ್ಣ ಕಣ್ಣಿನ ಜಾಲರಿ. ಬಿಚ್ಚಿ ನೋಡಿದೆ. ಟ್ಯಾಂಕಿಗೆ ಹೊಸದಾಗಿ ತೂತು ಕೊರೆದಾಗ ಉಳಿದಿದ್ದ ಪ್ಲಾಸ್ಟಿಕ್ ಪುಡಿ ಜಾಲರಿಗೆ ಮೆತ್ತಿಕೊಂಡಿತ್ತು. ತೊಳೆದು ವಾಪಸ್ಸು ಹಾಕಿದ್ದರೆ ಆಗುತ್ತಿತ್ತು.

ನಾನು ಹಾಕಲಿಲ್ಲ. ನಮ್ಮ ಕಡೆ ಗದ್ದೆ ಪಂಪಿನವರ ಅಭ್ಯಾಸವೇ ಹಾಗೆ. ನಾಲೆಗೆ ಇಳಿಬಿಟ್ಟ ಪೈಪಿನ ಬಾಯಿಯ ಜಾಲರಿಗೆ ಪಾಚಿ ಕಟ್ಟಿ ನೀರು ಕಮ್ಮಿಯಾದರೆ ಜಾಲರಿಯನ್ನೇ ಕಿತ್ತು ಬಿಸಾಡುತ್ತೇವೆ. ಕಸ ಕಡ್ಡಿ ಬಂದರೂ ಆ ದೊಡ್ಡ ಪಂಪು ನುಂಗಿ ಉಗುಳುತ್ತದೆ. ನೀರು ತೊಡೆಗಾತ್ರ ಬಂದರೆ ಮೋಟರಿನವನಿಗೆ ಹೆಸರು. ಅದೇ ಬುದ್ಧಿಯಲ್ಲಿ ಈ ಜಾಲರಿಯನ್ನೂ ತೆಗೆದು ನನ್ನ ಸಾಮಾನಿನ ಡಬ್ಬಕ್ಕೆ ಹಾಕಿ, ಬುರುಡೆ ಮುಚ್ಚಿದೆ. ನಲ್ಲಿ ತಿರುಗಿಸಿದರೆ ನೀರು ಬುಸ್ ಅಂತ ಬಂತು.

“ಅಬ್ಬಾ, ನನ್ ತಮ್ಮ ಅಂದ್ರೆ ತಮ್ಮ” ಅಂದಳು ಅಕ್ಕ. ನಾನು ಉಬ್ಬಿಹೋದೆ.

ಆ ಭಾನುವಾರ ಹೊರಟೆವು. ಬಾವ ಗಾಡಿ ಓಡಿಸಿದರು, ಅಕ್ಕ ಮಂಚದ ಮೇಲೆ, ನಾನು ಮುಂದೆ. ಮಳವಳ್ಳಿ ದಾಟಿ ಹೊಳೆಯ ಕಡೆ ಹೋಗಿ, ಮರದ ನೆರಳಲ್ಲಿ ಊಟ ಮಾಡಿ ಬರುವುದು ಅಂತ ಮಾತು. ಆಪರೇಷನ್ ಆದಮೇಲೆ ಆಸ್ಪತ್ರೆಗಲ್ಲದೆ ಬೇರೆ ಕಡೆಗೆ ಅಕ್ಕ ಹೊರಟದ್ದು ಅದೇ ಮೊದಲು. ಪ್ರತಿ ಸ್ಟಾಪು ಬಂದಾಗಲೂ ಅವಳದೊಂದು ಕಥೆ. ಇಲ್ಲೊಬ್ಬಳು ಕೋಳಿಗೆ ಟಿಕೆಟ್ ಕೇಳಿದ್ದಕ್ಕೆ ಕೋಳಿಯನ್ನೇ ಮುಖಕ್ಕೆ ಹಿಡಿದಳಂತೆ. ಅಲ್ಲೊಬ್ಬ ಕುಡುಕ ಬಸ್ಸನ್ನು ತನ್ನ ಮನೆ ಅಂದುಕೊಂಡು ಇಳಿಯಲೇ ಇಲ್ಲವಂತೆ. ಬಾವ ಕನ್ನಡಿಯಲ್ಲಿ ಅವಳನ್ನು ನೋಡಿಕೊಂಡೇ ಗಾಡಿ ಓಡಿಸುತ್ತಿದ್ದರು.

ಟ್ಯಾಂಕು ಪೂರ್ತಿ ತುಂಬಿರಲಿಲ್ಲ. ಮಳವಳ್ಳಿ ಹತ್ತಿರ ನನಗೆ ಪರಿಚಯದ ಒಬ್ಬರ ಜಮೀನಿನ ಬೋರ್‌ವೆಲ್‌ನಲ್ಲಿ ತುಂಬಿಸೋಣ ಅಂತ ನಿಲ್ಲಿಸಿದೆ. ಕರೆಂಟು ಆಗತಾನೆ ಬಂದಿತ್ತು. ಬೋರು ಶುರುವಾದಾಗ ಮೊದಲು ಕೆಂಪಗೆ ಮರಳು ನೀರು ಬರುತ್ತದೆ. ಅದನ್ನು ಹೊರಗೆ ಬಿಟ್ಟು, ತಿಳಿಯಾದ ಮೇಲೆ ಹಿಡಿಯಬೇಕು. ಗಿರಾಕಿಗಳಿಗೆ ನಾನೇ ಈ ಮಾತು ಹೇಳುತ್ತಿದ್ದೆ. ಆದರೆ ಕರೆಂಟು ಹೋಗಿಬಿಟ್ಟರೆ ಅಂತ ಆತುರಪಟ್ಟು ಮೊದಲ ನೀರಿಗೇ ಪೈಪು ಕೊಟ್ಟೆ.

ಹೊಳೆ ಕಾಣುವ ಒಂದು ದಿಬ್ಬದ ಮೇಲೆ, ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿದೆವು. ಅಕ್ಕ ಕಟ್ಟಿ ತಂದಿದ್ದ ಮುದ್ದೆ, ಉಪ್ಸಾರು ಖಾರ, ಹುರುಳಿಕಾಳು. ಅವಳು ನೀರು ಕುಡಿದಳು. ಕುಡಿದು, ಇನ್ನೊಂದು ಲೋಟ ಹಾಕಿಸಿಕೊಂಡು ಕುಡಿದಳು. “ದಾರೀಲಿ ಇಂಗೆ ನೀರು ಕುಡ್ದು ಎಷ್ಟು ವರ್ಸ ಆಯ್ತೋ” ಅಂದಳು.

ಉಂಡ ಮೇಲೆ ಚೀಲ ಬದಲಿಸಬೇಕಾಯಿತು. ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಪಂಪು ಗರ್ ಅಂದಿತು. ಸ್ವಲ್ಪ ಹೊತ್ತಿಗೆ ಸದ್ದು ಬದಲಾಯಿತು. ಒಣ ಸದ್ದು.

“ನೀರ್ ನಿಂತೋಯ್ತು ಕಣ್ಲಾ!”

“ತಡಿಯಕ್ಕ, ನೋಡ್ತೀನಿ.”

ಟ್ಯಾಂಕಿಗೆ ಬಡಿದು ನೋಡಿದೆ, ತುಂಬಿತ್ತು. ಫ್ಯೂಸು ಸರಿಯಿತ್ತು. ತಂತಿ ಬಿಗಿಯಾಗಿತ್ತು. ಮೋಟರು ತಿರುಗುತ್ತಿದೆ, ನೀರು ಮಾತ್ರ ಎಳೆಯುತ್ತಿಲ್ಲ. ಬುರುಡೆಯ ತಳದಲ್ಲಿ ಕೆಂಪು ಮರಳು ಕಂಡಿತು. ಆಗಲೇ ನನಗೆ ಎಲ್ಲ ಗೊತ್ತಾಯಿತು. ಜಾಲರಿ ಇಲ್ಲದ ದಾರಿಯಲ್ಲಿ ಮರಳು ನೇರ ಒಳಗೆ ಹೋಗಿ, ಪಂಪಿನೊಳಗಿನ ರಬ್ಬರು ಮುಚ್ಚಳಗಳ ಸಂದಿಯಲ್ಲಿ ಕೂತಿದೆ. ಅಲ್ಲೇ ಬಿಚ್ಚಿ ತೊಳೆದಿದ್ದರೆ ಪಂಪು ತಿರುಗಿ ಎಳೆಯುತ್ತಿತ್ತೋ ಏನೋ. ಬಿಚ್ಚಿದರೆ ಬಾವ ಪಕ್ಕದಲ್ಲೇ ನಿಂತಿದ್ದಾರೆ, ಜಾಲರಿ ಎಲ್ಲಿ ಅಂತ ಕೇಳುತ್ತಾರೆ. ಬುರುಡೆಗೆ ನನ್ನ ಮೈ ಅಡ್ಡ ಮಾಡಿ ಕೂತೆ.

“ಏನಾಗದೆ?” ಅಂದರು ಬಾವ.

“ಗಾಳಿ ಕಟ್ಕೊಂಡದೆ.”

“ಏನಾರ ಮಾಡ್ರೋ” ಅಂತ ಒಳಗಿನಿಂದ ಅಕ್ಕನ ದನಿ ಬಂತು. ಬಸ್ಸಿನ ಹಿಂದಿನ ಬಾಗಿಲ ತನಕ ಕೇಳುತ್ತಿದ್ದ ದನಿ ಅದಾಗಿರಲಿಲ್ಲ. ಬಾವ ಬಕೆಟ್ಟು ಹಿಡಿದು ಹೊಳೆಯ ಕಡೆ ಇಳಿಜಾರಿನಲ್ಲಿ ಓಡಿದರು. ಆ ವಯಸ್ಸಿನಲ್ಲಿ ಅವರು ಓಡುವುದನ್ನು ನೋಡಿಯೂ ನಾನು ಬುರುಡೆ ಬಿಟ್ಟು ಏಳಲಿಲ್ಲ. ಕುಡಿಯಲು ತಂದಿದ್ದ ಬಾಟಲಿ ನೀರನ್ನು ಬಾಗಿಲ ಸಂದಿಯಲ್ಲಿ ಕೊಟ್ಟೆ. ಸೋಪು ಮೆತ್ತಿದ ಕೈ ಹೊರಗೆ ಬಂದು ಅದನ್ನು ತೆಗೆದುಕೊಂಡಿತು.

ಬಾವ ತಂದ ಬಕೆಟ್ ನೀರಿನಲ್ಲಿ ಹೇಗೋ ಮುಗಿಸಿಕೊಂಡು ಅವಳು ಹೊರಗೆ ಬಂದಾಗ ಸೀರೆ ಒದ್ದೆಯಾಗಿತ್ತು, ಕಲೆಯಾಗಿತ್ತು. ನನ್ನ ಮುಖ ನೋಡದೆ ಹೇಳಿದಳು:

“ನಾನೇ ನಲ್ಲೀನ ಪೂರಾ ತಿರುಗ್ಸಿಬುಟ್ಟೆ ಕಣೋ. ನಿಧಾನುಕ್ಕೆ ಬುಡಬೇಕಿತ್ತೇನೋ.”

ನಾನು ಅಂದೆ: “ಹೂ ಕಣಕ್ಕ. ಸಣ್ಣ ಪಂಪು, ಅಷ್ಟು ಜೋರು ತಡೆಯಲ್ಲ.”

ಜಾಲರಿ ಕಿತ್ತದ್ದು ದಡ್ಡತನ, ಮರಳು ನೀರು ತುಂಬಿದ್ದು ಆತುರ. ಅವೆರಡನ್ನೂ ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಈ ಮಾತನ್ನು ಮಾತ್ರ ಹೇಳಿಕೊಳ್ಳುವುದು ಇವತ್ತಿಗೂ ಕಷ್ಟ.

ವಾಪಸ್ಸು ಬರುವಾಗ ಅಕ್ಕ ಕಿಟಕಿಯ ಪರದೆ ಎಳೆದುಕೊಂಡಿದ್ದಳು. ಕಥೆ ಇರಲಿಲ್ಲ.

ಮಾರನೇ ದಿನವೇ ಪಂಪನ್ನು ಅಂಗಡಿಗೆ ತಂದು ಬಿಚ್ಚಿದೆ. ರಬ್ಬರೆಲ್ಲ ಮರಳಿನಲ್ಲಿ ಗೀರಿಹೋಗಿತ್ತು. ಮಂಡ್ಯದಿಂದ ಬೇರೆ ರಬ್ಬರು ಸೆಟ್ಟು ತಂದು ಹಾಕಿದೆ, ಟ್ಯಾಂಕು ತೊಳೆದೆ, ಜಾಲರಿಯನ್ನು ಡಬ್ಬದಿಂದ ತೆಗೆದು ಗುಟ್ಟಾಗಿ ಅದರ ಜಾಗದಲ್ಲಿ ಇಟ್ಟೆ. ಪಂಪು ಹೊಸದರಂತೆ ಓಡಿತು. “ಸರಿ ಆಯ್ತಕ್ಕ, ಹೋಗೋಣ” ಅಂದೆ.

“ಬ್ಯಾಡ ಬುಡು. ನನ್ ಕೈಗೆ ಸಿಕ್ಕುದ್ರೆ ತಿರ್ಗಾ ಕೆಡ್ತದೆ.”

ಬಾವ ಕರೆದರು, ನನ್ನ ಹೆಂಡತಿ ಕರೆದಳು. ಅಕ್ಕ ಹೊರಡಲಿಲ್ಲ. ಮನೆಯ ಬಚ್ಚಲಲ್ಲೂ ನಲ್ಲಿಯನ್ನು ಸಣ್ಣಗೆ ಬಿಟ್ಟು, ಚೊಂಬಿನಲ್ಲಿ ಹಿಡಿದು ತೊಳೆದುಕೊಳ್ಳುತ್ತಾಳೆ ಅಂತ ಬಾವ ಹೇಳಿದರು. ಅದಕ್ಕಿಂತ ಕಷ್ಟವಾದದ್ದು ಇನ್ನೊಂದು. ಮದ್ದೂರಿಗೆ ಯಾರು ಬಂದರೂ ಅವರ ಕೈಯಲ್ಲಿ ನನಗೆ ಊಟದ ಕ್ಯಾರಿಯರ್ ಕಳಿಸಲು ಶುರು ಮಾಡಿದಳು. ನಾಟಿ ಕೋಳಿ ಸಾರು, ಕೈಮ, ಒಂದು ಸಲ ಹೋಳಿಗೆ. “ನನ್ನಿಂದ ಅವನಿಗೆ ಕೆಲಸ ಹೆಚ್ಚಾಯ್ತು, ಪಾಪ” ಅಂದಳಂತೆ. ಆ ಕೋಳಿ ಸಾರು ತಿನ್ನಲು ಆಗಲಿಲ್ಲ. ತಿನ್ನದೆ ಬಿಡಲೂ ಆಗಲಿಲ್ಲ, ಡಬ್ಬ ಖಾಲಿಯಾಗದೆ ವಾಪಸ್ಸು ಹೋದರೆ ಅವಳು ಇನ್ನೊಂದು ತಪ್ಪು ಹುಡುಕಿಕೊಳ್ಳುತ್ತಾಳೆ. ಹೇಳಬೇಕು ಅಂದುಕೊಂಡು ಬೆಸಗರಹಳ್ಳಿಗೆ ಹೋಗುವುದು, ಕಾಫಿ ಕುಡಿದು ಮೋಡದ ವಿಷಯ ಮಾತಾಡಿ ಬರುವುದು. ಹೀಗೇ ನಡೆಯಿತು.

ಕೊನೆಗೆ ಬಾವನ ಫೋನು ಬಂತು. “ಸೀಟು ಹಾಕ್ಸಿ ಬಾಡಿಗೆಗೆ ಬುಡಿ ಅಂತ ನಿಮ್ಮಕ್ಕ ಹಟ ಹಿಡ್ದವ್ಳೆ. ನಾಳೆ ಗ್ಯಾರೇಜಿನವ್ನು ಬಂದು ಬಚ್ಚಲು ಕೀಳ್ತಾನೆ. ನೀನು ಇವತ್ತೇ ಬಂದು ಪಂಪು, ಪೈಪು ಬಿಚ್ಚಿಕೋ.”

ಹೋದೆ. ಮಂಚದ ಕೆಳಗೆ ನುಗ್ಗಿ, ಪೈಪಿನ ಕ್ಲಿಪ್ಪು ಸಡಿಲ ಮಾಡಿ ಪಂಪನ್ನು ಹೊರಗೆ ತೆಗೆದೆ. ಅಕ್ಕ ಬಂದು ಗಾಡಿಯ ಮೆಟ್ಟಿಲ ಮೇಲೆ ಕೂತಳು. ಪಂಪನ್ನು ಕೈಗೆ ತೆಗೆದುಕೊಂಡು ಸೆರಗಿನಿಂದ ಧೂಳು ಒರೆಸಿದಳು.

“ಇಷ್ಟೇ ಇಷ್ಟು ಅದೆ. ಇದ್ರ ಮೇಲೆ ನಾನು ಅಷ್ಟು ಜೋರು ಮಾಡ್ಬುಟ್ನಲ್ಲ.”

“ಅಕ್ಕ, ನಲ್ಲಿ ತಿರುಗಿಸಿದ್ರೆ ಪಂಪು ಕೆಡಲ್ಲ.”

“ಅವತ್ತು ನೀನೇ ಅಂದ್ಯಲ್ಲ?”

“ಸುಳ್ಳು ಹೇಳ್ದೆ.”

ಮಂಚದ ಕೆಳಗೆ ಮಲಗಿಕೊಂಡೇ ಎಲ್ಲ ಹೇಳಿದೆ. ಜಾಲರಿ ಕಿತ್ತದ್ದು, ಮರಳು ನೀರು, ಬುರುಡೆಗೆ ಅಡ್ಡ ಕೂತದ್ದು. ಎದ್ದು ಅವಳ ಮುಂದೆ ನಿಂತು ಹೇಳುವ ಧೈರ್ಯ ಇರಲಿಲ್ಲ. ನನಗೆ ಅವಳ ಕಾಲು ಮಾತ್ರ ಕಾಣುತ್ತಿತ್ತು.

“ನಾನು ಒಳಗೆ ಅಂಗೆ ನಿಂತಿದ್ನಲ್ಲ, ಆಗ್ಲೇ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

“ಈಚೆ ಬಂದು ನಂದೇ ತಪ್ಪು ಅಂದ್ನಲ್ಲ, ಆಗ?”

“ಆಗಲೂ.”

ಅವಳು ಎದ್ದು ಮನೆಯೊಳಗೆ ಹೋದಳು. ಮುಗಿಯಿತು, ಇನ್ನು ಈ ಹೊಸಿಲು ನನಗಿಲ್ಲ ಅಂದುಕೊಂಡು ಸಾಮಾನು ಎತ್ತಿಟ್ಟುಕೊಳ್ಳುತ್ತಿದ್ದೆ. ತಿರುಗಿ ಬಂದಳು. ಒಂದು ಕೈಯಲ್ಲಿ ಟವೆಲ್ಲು, ಇನ್ನೊಂದರಲ್ಲಿ ಸೋಪು.

“ಪಂಪು ಕೂರ್ಸು.”

“ಅಕ್ಕ...”

“ಕೂರ್ಸು ಅಂದೆ. ಜಾಲ್ರೀನ ನಂಗೆ ತೋರ್ಸಿ ಹಾಕು.”

ಕೂರಿಸಿದೆ. ಜಾಲರಿಯನ್ನು ಅವಳೇ ಬೆಳಕಿಗೆ ಹಿಡಿದು ನೋಡಿ ಕೊಟ್ಟಳು. ನೀರು ಬಂತು.

“ಈಗ ಒಳಗೆ ಹೋಗಿ ಚಿಲಕ ಹಾಕ್ಕೊ. ತಲೆಗೂ ಮೈಗೂ ಸೋಪು ಹಚ್ಕೊ.”

ಹೆದರಿಕೊಂಡು ಹಾಗೇ ಮಾಡಿದೆ. ಮುಖದ ತುಂಬ ನೊರೆ ಆಗುವ ಹೊತ್ತಿಗೆ ಹೊರಗಿನಿಂದ ಟಕ್ ಅಂತ ಪಂಪಿನ ಸ್ವಿಚ್ಚು ಆಫ್ ಆಯಿತು. ನೀರು ನಿಂತಿತು.

“ಅಕ್ಕ! ಕಣ್ಣು ಉರೀತದೆ!”

“ಉರೀಲಿ. ಹೇಳ್ಲಾ, ಯಾರ ತಪ್ಪು?”

“ನಂದು ಕಣಕ್ಕ!”

“ನಿಮ್ ಬಾವಂಗೆ ಕೇಳಂಗೆ ಹೇಳು.”

“ನಂದೇ ತಪ್ಪು, ಜಾಲ್ರಿ ಕಿತ್ತೋನು ನಾನೇ ಬಾವಾ!”

ಬಾವ ಓಡಿ ಬಂದದ್ದು ಕೇಳಿಸಿತು. “ಏನ್ಲಾ ಇದು ಗಲಾಟೆ?”

“ಏನಿಲ್ಲ, ನಿಮ್ ಬಾಮೈದ ಸ್ನಾನ ಮಾಡ್ತಾವ್ನೆ” ಅಂದಳು ಅಕ್ಕ. ಆಮೇಲೆ ಬಾಗಿಲ ಹತ್ತಿರ ಬಂದು, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಮಾತಾಡಿದಳು. “ಜಾಲ್ರಿ ಕಿತ್ತಿದ್ದುಕ್ಕೆ ನಂಗೆ ಬೇಜಾರಿಲ್ಲ. ನನ್ ನೀರು ಜೋರಾಗಿ ಬರ್ಲಿ ಅಂತ ಕಿತ್ತೆ. ಆದ್ರೆ ಇಷ್ಟು ದಿನ ನನ್ನ ಮನೇಲಿ ಕೂರಿಸ್ಬುಟ್ಯಲ್ಲೋ.”

ಒಳಗೆ ಕತ್ತಲಲ್ಲಿ, ನೊರೆಯಲ್ಲಿ, ನಾನು ಅತ್ತುಬಿಟ್ಟೆ. ಸೋಪಿನಿಂದ ಅಂದುಕೊಳ್ಳಲಿ ಅಂತ ಜೋರಾಗಿಯೇ ಅತ್ತೆ. ಅವಳು ಸ್ವಿಚ್ಚು ಹಾಕಿದಳು.

ಗ್ಯಾರೇಜಿನವನಿಗೆ ಬಾವ ಫೋನು ಮಾಡಿ ಬರಬೇಡ ಅಂದರು. ಅವತ್ತು ಅಕ್ಕ ನನ್ನನ್ನು ಬಾಯಿ ತುಂಬ ಬೈದಳು. ಮಂಗ, ಮುಟ್ಟಾಳ, ಸ್ಕೂಲು ಬಿಡಿಸಬಾರದಿತ್ತು ಅಂತೆಲ್ಲ ಬೈದಳು. ಆಪರೇಷನ್ ಆದಮೇಲೆ ಆ ದನಿ ಅಷ್ಟು ಎತ್ತರಕ್ಕೆ ಹೋದದ್ದು ಅದೇ ಮೊದಲು. ಬೈಸಿಕೊಳ್ಳುತ್ತಾ ನನ್ನ ಎದೆ ಹಗುರವಾಯಿತು. ಅವಳು ಸುಮ್ಮನಿದ್ದಿದ್ದರೆ ನಾನು ಏನಾಗುತ್ತಿದ್ದೆನೋ.

ಆಮೇಲೆ ಕೆಲಸ ಕಲಿತಳು. ಪಂಪು ಗರ್ ಅಂದರೂ ನೀರು ಬರದಿದ್ದರೆ ಮೊದಲು ಟ್ಯಾಂಕು ನೋಡು, ಆಮೇಲೆ ಜಾಲರಿ, ಆಮೇಲೆ ಪೈಪಿನ ಕ್ಲಿಪ್ಪು ಅಂತ ಹೇಳಿಕೊಟ್ಟೆ. ನಲ್ಲಿ ಮುಚ್ಚಿದ್ದರೂ ಪಂಪು ಆಗಾಗ ಮಿಡುಕಿದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ ಅಂದೆ. ಕಿವಿಗೊಟ್ಟು ಕೇಳಿ, ಬಚ್ಚಲ ಹಿಂದಿನ ಸೋರಿಕೆಯೊಂದನ್ನು ನನಗಿಂತ ಮುಂಚೆ ಅವಳೇ ಹಿಡಿದಳು. “ಬಸ್ಸಲ್ಲಿ ಟಿಕೆಟ್ ತಗೊಳ್ದೆ ಕೂತಿರೋನು ಗೊತ್ತಾಯ್ತಿದ್ದ ನಂಗೆ, ಇದ್ಯಾವ ಮಹಾ” ಅಂದಳು.

ಹೋದ ತಿಂಗಳು ಅವಳ ಜೊತೆ ಕಂಡಕ್ಟರ್ ಆಗಿದ್ದ ಹೆಂಗಸಿನ ಮಗಳ ಬೀಗರೂಟ ಬಂಡೂರಿನಲ್ಲಿ. ಅಕ್ಕ ತಾನೇ ಹೊರಟಳು. ಶಾಮಿಯಾನದ ಪಕ್ಕದಲ್ಲಿ ಗಾಡಿ ನಿಲ್ಲಿಸಿದೆವು. ಪಂಕ್ತಿಯಲ್ಲಿ ಗೆಳತಿಯ ಪಕ್ಕ ಕೂತು ಮಟನ್ ಸಾರಿಗೆ ಮುದ್ದೆ ಮುರಿದು ಉಂಡಳು. ನಡುವೆ ಎದ್ದು ಗಾಡಿಗೆ ಹೋಗಿ ಬಂದು ಪಾಯಸಕ್ಕೆ ಕೂತಳು. ಯಾರೂ ತಿರುಗಿ ನೋಡಲಿಲ್ಲ.

ಊಟ ಮುಗಿದ ಮೇಲೆ ಗೆಳತಿ ಕೇಳಿದಳು, “ಒಸಿ ಗಾಡಿ ಬಾಗ್ಲು ತೆಗೀತೀಯೇನೆ?” ಅವಳಾದ ಮೇಲೆ ಅವಳ ಅತ್ತಿಗೆ. ಆಮೇಲೆ ರೇಷ್ಮೆ ಸೀರೆಯ ಬೀಗರ ಕಡೆ ಹೆಂಗಸರು ಒಬ್ಬೊಬ್ಬರಾಗಿ ಬಂದು ಸಾಲು ನಿಂತರು. ಬೆಳಗಿನಿಂದ ತಡೆದುಕೊಂಡಿದ್ದವರು ಪಾಪ. ಅಕ್ಕ ಮೆಟ್ಟಿಲ ಪಕ್ಕ ನಿಂತು, “ಒಬ್ರಾದ್ಮೇಲೆ ಒಬ್ರು, ನುಗ್ಗಬ್ಯಾಡಿ” ಅಂತ ಒಳಗೆ ಬಿಡುತ್ತಿದ್ದಳು. ಸಾಲಿನಲ್ಲಿ ನಿಂತವರಿಗೆ ಬೇಜಾರಾಗದಿರಲಿ ಅಂತ, ನಾನು ಜಾಲರಿ ಕಿತ್ತ ಕಥೆ, ನನಗೆ ಸೋಪು ಹಚ್ಚಿಸಿ ನಿಲ್ಲಿಸಿದ ಕಥೆ ಹೇಳುತ್ತಿದ್ದಳು. ಹೆಂಗಸರೆಲ್ಲ ನನ್ನ ಕಡೆ ನೋಡಿ ಬಿದ್ದು ಬಿದ್ದು ನಕ್ಕರು. ನಾನು ಕೊಡದಲ್ಲಿ ನೀರು ಹೊತ್ತು ತಂದು ಟ್ಯಾಂಕಿಗೆ ಸುರಿಯುತ್ತಿದ್ದೆ. ನಾಚಿಕೆಯಾಯಿತು. ನಾಚಿಕೆಯ ಕೆಳಗೆ ಎಷ್ಟು ನೆಮ್ಮದಿ ಇತ್ತು ಅಂತ ಹೇಗೆ ಬರೆಯಲಿ.

ಹೊತ್ತು ಇಳಿಯುತ್ತಾ ಬಂತು. ಬಾವ ಗಾಡಿಯ ಕೀ ಹಿಡಿದು ಬಂದು, “ಹೊರಡಾನಾ? ಕತ್ತಲಾಯ್ತದೆ” ಅಂದರು.

ಅಕ್ಕ ಗೆಳತಿಯ ಜೊತೆ ಜಗಲಿಯ ಮೇಲೆ ಕಾಲು ಚಾಚಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಏಳಲಿಲ್ಲ.

“ಯಾಕ್ ಅವಸರ? ಇವತ್ತು ಇಲ್ಲೇ ಉಳ್ಕೊಳಾನ ಬುಡಿ” ಅಂದಳು.